ಕನ್ನಡದಲ್ಲಿ ಬರೆದದ್ದು

ಸೆಲ್ಲಿ ಓಕ್, ಬರ್ಮಿಂಗ್‌ಹ್ಯಾಮ್
12 ಜನವರಿ 2025

ಪ್ರೀತಿಯ ಶೋಭಾ ಚಿಕ್ಕಮ್ಮ,

ನೀವು ಕ್ಷೇಮವಾಗಿ ತಲುಪಿದಿರಿ ಎಂದು ಆಫೀಸಿನಲ್ಲಿ ನಮ್ಮ ಮೇಲಧಿಕಾರಿ ಫಿಯೋನಾ ಹೇಳಿದರು. ಯಾವ ಊರು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೋಡೆಯ ನಕ್ಷೆಯಲ್ಲಿ ನಿಮ್ಮ ಆಸ್ಪತ್ರೆ ಇರುವ ದೇಶದ ಮೇಲೆ ಒಂದು ಕೆಂಪು ಗುಂಡುಸೂಜಿ ಚುಚ್ಚಿದ್ದಾರೆ. ಕಾಫಿ ತರಲು ಹೋಗುವಾಗಲೆಲ್ಲ ಅದನ್ನು ನೋಡಿ ಬರುತ್ತೇನೆ.

ಹೋದ ಭಾನುವಾರ ಸಟನ್ ಕೋಲ್ಡ್‌ಫೀಲ್ಡ್‌ಗೆ ಹೋಗಿದ್ದೆ. ಚಿಕ್ಕಪ್ಪ ಸಾರು ಮಾಡಿದ್ದರು, ಉಪ್ಪು ಹಾಕಿರಲಿಲ್ಲ. “ನಿಮ್ಮ ಚಿಕ್ಕಮ್ಮ ಯುದ್ಧದಲ್ಲಿರೋರಿಗೆಲ್ಲ ಅನಸ್ತೇಶಿಯಾ ಕೊಡ್ತಾಳೆ. ಹೋಗೋ ಮುಂಚೆ ನಂಗೂ ಒಂಚೂರು ಕೊಟ್ಟಿದ್ರೆ ಜೂನ್ ತನಕ ಮಲಗಿರ್ತಿದ್ದೆ” ಅಂದರು. ಟಿವಿಯಲ್ಲಿ ಸುದ್ದಿ ಬಂದರೆ ಚಾನೆಲ್ ಬದಲಿಸುತ್ತಾರೆ.

ನಾನು ಚೆನ್ನಾಗಿದ್ದೇನೆ. ಸಾಹಿತ್ಯ ಓದಿದವಳಿಗೆ ವೈದ್ಯಕೀಯ ನೆರವಿನ ಸಂಸ್ಥೆಯಲ್ಲಿ ಏನು ಕೆಲಸ ಎಂದು ಅಮ್ಮ ಮೈಸೂರಿನಿಂದ ಈಗಲೂ ಕೇಳುತ್ತಾಳೆ. ದಾನಿಗಳಿಗೆ ಮನವಿ ಬರೆಯುವುದು ಎಂದರೆ, “ಅಂದ್ರೆ, ಚೆನ್ನಾಗಿ ಬೇಡೋದು” ಅನ್ನುತ್ತಾಳೆ. ನನಗೆ ಅದೂ ಬರುವುದಿಲ್ಲ. ಫಿಯೋನಾ ಹೋದ ವಾರ ನನ್ನ ಕರಡನ್ನು ವಾಪಸ್ ಕೊಟ್ಟರು. “ವಾಕ್ಯ ಎಲ್ಲ ಚೆನ್ನಾಗಿದೆ ಪ್ರತೀಕ್ಷಾ, ಇದರಲ್ಲಿ ಮನುಷ್ಯರೇ ಕಾಣೋದಿಲ್ಲವಲ್ಲ” ಅಂದರು. ಬೇಸಿಗೆಯವರೆಗೆ ಮಾತ್ರ ನನ್ನ ಕೆಲಸ. ಆಮೇಲೆ ಇಟ್ಟುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ವೀಸಾ ಮುಗಿಯುವ ದಿನ ಹತ್ತಿರವಾಗುತ್ತಿದೆ.

ಬಿಡುವಾದಾಗ ಬರೆಯಿರಿ. ಆರೋಗ್ಯದ ವಿಷಯ ಒಂದು ಸಾಲು ಸಾಕು. ಮಿಕ್ಕಿದ್ದೆಲ್ಲ ಅಲ್ಲಿನ ಜನರ ಬಗ್ಗೆ ಇರಲಿ.

ನಿಮ್ಮ,
ಪ್ರತೀಕ್ಷಾ

*

26 ಜನವರಿ 2025

ಪುಟ್ಟಿ,

ಇದನ್ನು ಕೈಯಲ್ಲಿ ಬರೆದು, ಫೋಟೋ ತೆಗೆದು, ನೆಟ್ ಸಿಕ್ಕಾಗ ಕಳಿಸುತ್ತಿದ್ದೇನೆ. ರಸ್ತೆಯ ಕಾವಲಿನವರು ನಮ್ಮ ಫೋನ್ ತೆರೆಸಿ ನೋಡುತ್ತಾರೆ. ಇಂಗ್ಲಿಷ್ ಬಲ್ಲವರು ಅವರಲ್ಲಿದ್ದಾರೆ. ಮೊನ್ನೆ ಒಬ್ಬ ನನ್ನ ಕನ್ನಡ ಬರಹವನ್ನು ಹಿಗ್ಗಿಸಿ ನೋಡಿ, “ಇದು ಔಷಧಿ ಪಟ್ಟಿಯೇ?” ಎಂದ. ಹೌದು ಎಂದೆ. ಇಂಗ್ಲೆಂಡಿನಲ್ಲಿ ಇಷ್ಟು ವರ್ಷ ಇದ್ದು ಕನ್ನಡದಲ್ಲಿ ಯೋಚಿಸುವುದನ್ನೇ ಬಿಟ್ಟಿದ್ದೆ. ಈಗ ಮನಸ್ಸು ಬಿಚ್ಚಲು ನನಗೆ ಉಳಿದಿರುವುದು ಇದೊಂದೇ ಭಾಷೆ.

ಹೆಸರು ಬರೆಯಬಾರದೆಂದು ನಿಯಮ. ಹಾಗಾಗಿ ನಾನೇ ಹೆಸರಿಟ್ಟಿದ್ದೇನೆ. ನನ್ನ ದುಭಾಷಿ ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಅವರು ನನಗೆ ಮೇಷ್ಟ್ರು. ಆಸ್ಪತ್ರೆಗೆ ಬರುವ ಒಂದೇ ರಸ್ತೆಯನ್ನು ಹಿಡಿದಿಟ್ಟುಕೊಂಡಿರುವ ಸೇನೆಯ ನಾಯಕನಿಗೆ ಸಾಹುಕಾರ ಎನ್ನುತ್ತೇನೆ. ಡೀಸೆಲ್, ಔಷಧಿ, ರೋಗಿಗಳು, ಎಲ್ಲವೂ ಅವನ ಅಡ್ಡಗಟ್ಟೆ ದಾಟಿ ಬರಬೇಕು. ಪ್ರತಿ ಲಾರಿಯಿಂದಲೂ ಔಷಧಿಯ ಪಾಲು ಇಳಿಸಿಕೊಳ್ಳುತ್ತಾನೆ. ನಾವು ನೋಡಿಯೂ ನೋಡದಂತೆ ಇರುತ್ತೇವೆ. ನಮ್ಮ ವರದಿಯಲ್ಲಿ ಅದಕ್ಕೆ “ಸಾಗಣೆಯಲ್ಲಿ ನಷ್ಟ” ಎಂದು ಹೆಸರು. ಮೊದಲ ವಾರ ಸಿಟ್ಟು ಬಂದಿತ್ತು. ಈಗ ಲಾರಿ ಬಂದರೆ ಸಾಕು ಎನ್ನುವ ಸ್ಥಿತಿಗೆ ಬಂದಿದ್ದೇನೆ.

ಜನರ ಬಗ್ಗೆ ಕೇಳಿದೆಯಲ್ಲ, ಕೇಳು. ಮಂಗಳವಾರ ಈ ಸಾಹುಕಾರನೇ ಹೆಂಡತಿಯನ್ನು ಕರೆತಂದ. ಮಗು ಅಡ್ಡವಾಗಿತ್ತು. ಬಂದೂಕು ಹಿಡಿದೇ ಆಪರೇಷನ್ ಕೋಣೆಯ ಬಾಗಿಲಿಗೆ ಬಂದ. ನೆಲ ಒರೆಸುತ್ತಿದ್ದವಳು ಬಕೆಟ್ ಬಿಟ್ಟು ಓಡಿದಳು, ನರ್ಸುಗಳೂ ಆಚೆ ಸರಿದರು. ನನಗೆ ಎಲ್ಲಿತ್ತೋ ಧೈರ್ಯ, “ಅದನ್ನ ಹೊರಗಿಟ್ಟು ಬಾರಯ್ಯ, ಮಗು ಹೆದರುತ್ತೆ” ಎಂದು ಕನ್ನಡದಲ್ಲೇ ಗದರಿದೆ. ಕನ್ನಡ ಬಾರದ ಮೇಷ್ಟ್ರು ನನ್ನ ಕೈಸನ್ನೆ ನೋಡಿಯೇ ಅದಕ್ಕೆ ಏನು ಮರ್ಯಾದೆ ತೊಡಿಸಿ ಹೇಳಿದರೋ, ಅವನು ಬಂದೂಕನ್ನು ಹೊರಗೆ ಮರಕ್ಕೆ ಒರಗಿಸಿ, ಬೂಟು ಬಿಚ್ಚಿ ಬಂದು ಕೂತ. ನೀನು ಹುಟ್ಟಿದಾಗ ನಿನ್ನಪ್ಪ ಚೆಲುವಾಂಬ ಆಸ್ಪತ್ರೆಯ ಮೆಟ್ಟಿಲ ಮೇಲೆ ಹೀಗೇ ಮಂಡಿಗೆ ಮುಖ ಹಚ್ಚಿ ಕೂತಿದ್ದರು. ಅದೇ ನೆನಪಾಯಿತು.

ಹೆಣ್ಣು ಮಗು. ಅಳು ಕೇಳಿದ್ದೇ ಅವನೂ ಅತ್ತ, ಸಣ್ಣ ಮಕ್ಕಳ ಹಾಗೆ, ಶಬ್ದ ಮಾಡಿ. ಸರ್ಜನ್, ನರ್ಸುಗಳು ತಾಯಿ ಮಗುವನ್ನು ವಾರ್ಡಿಗೆ ಕರೆದೊಯ್ದ ಮೇಲೆ ಅವನಿಗೆ ಆ ಬಕೆಟ್ ಕಂಡಿತು. ಯಾರೂ ಹೇಳದೆ ಬಟ್ಟೆ ಹಿಂಡಿ, ಮಂಡಿಯೂರಿ, ಹೆಂಡತಿಯ ರಕ್ತವನ್ನು ಒರೆಸಿದ. ನೋಡಿದ್ದು ನಾನು ಮತ್ತು ಮೇಷ್ಟ್ರು ಇಬ್ಬರೇ.

ಗುರುವಾರ ಲಾರಿ ಬಂತು. ಪಾಲು ಎಂದಿನಷ್ಟೇ ಇಳಿಸಿಕೊಂಡಿದ್ದರು.

ಚಿಕ್ಕಪ್ಪನಿಗೆ ಬಂದೂಕಿನ ವಿಷಯ ಬೇಡ. ಸಾರಿಗೆ ಉಪ್ಪು ಹಾಕಲು ಹೇಳು.

ಚಿಕ್ಕಮ್ಮ

*

20 ಫೆಬ್ರುವರಿ 2025

ಪ್ರೀತಿಯ ಚಿಕ್ಕಮ್ಮ,

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ. ರೈಲಿನಲ್ಲಿ ಓದುತ್ತ ಕೂತು ಯೂನಿವರ್ಸಿಟಿ ಸ್ಟೇಷನ್ ದಾಟಿ ಹೋಗಿದ್ದೆ. ಆ ಮಗು ಹೇಗಿದೆ? ಅದಕ್ಕೆ ಏನು ಸುತ್ತಿದ್ದರು, ಯಾವ ಬಣ್ಣದ ಬಟ್ಟೆ? ಸಾಹುಕಾರನಿಗೆ ಎಷ್ಟು ವಯಸ್ಸು? ಸುಮ್ಮನೆ ಕೇಳುತ್ತಿದ್ದೇನೆ.

ಇಲ್ಲಿ ಒಂದು ಒಳ್ಳೆಯ ಸುದ್ದಿ. ನಾನು ಬರೆದ ಒಂದು ಬರಹ ಫಿಯೋನಾಗೆ ತುಂಬ ಹಿಡಿಸಿತು. ಓದಿ ಮುಗಿಸಿ ಕನ್ನಡಕ ತೆಗೆದು, “ಈಗ ಮನುಷ್ಯರು ಕಂಡರು” ಅಂದರು. ಹಿಂದೆ ಯಾವುದಕ್ಕೂ ಬರದಷ್ಟು ಜನರಿಂದ ಉತ್ತರ ಬರುತ್ತಿದೆಯಂತೆ. ಅದನ್ನು ರೇಡಿಯೊದಲ್ಲಿ ಓದಲು ನಮ್ಮನ್ನು ಸಾಲ್ಫರ್ಡ್‌ನ ಮೀಡಿಯಾಸಿಟಿಗೆ ಕರೆದಿದ್ದರು. ಓದಿದ್ದು ಫಿಯೋನಾ. ನಾನು ಗಾಜಿನ ಆಚೆ ನೀರಿನ ಲೋಟ ಹಿಡಿದು ಕೂತಿದ್ದೆ.

ಆಮೇಲೆ ಕ್ಯಾಂಟೀನಿನಲ್ಲಿ ಒಬ್ಬ ಹೆಂಗಸು ಬಂದು ಮಾತಾಡಿಸಿದರು. ನೀವು ಈಗ ಇರುವ ದೇಶದವರೇ, ಮ್ಯಾಂಚೆಸ್ಟರ್‌ನಲ್ಲಿದ್ದಾರೆ. ನನ್ನ ಕೈ ಹಿಡಿದುಕೊಂಡು, “ಇದು ಉಪ್ಪಿನ ಗುಡ್ಡದ ಕೆಳಗಿನ ಆಸ್ಪತ್ರೆ ಅಲ್ಲವಾ?” ಅಂದರು. ನಾನು ಇಲ್ಲ ಅನ್ನಲಿಲ್ಲ, ಹೌದು ಎಂದೂ ಅನ್ನಲಿಲ್ಲ. ನನ್ನ ಸ್ವಭಾವ ನಿಮಗೆ ಗೊತ್ತಲ್ಲ. ನಕ್ಕೆ ಅಷ್ಟೇ. ಅವರು ಕಣ್ಣೊರೆಸಿಕೊಂಡು ಹೋದರು. ಅಲ್ಲಿ ನಿಜವಾಗಿ ಅಂಥ ಗುಡ್ಡ ಇದೆಯೇ?

ಕೆಲಸ ಖಾಯಂ ಆಗಬಹುದು ಎನ್ನುವ ಮಾತಿದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ನಿಮ್ಮ,
ಪ್ರತೀಕ್ಷಾ

*

5 ಮಾರ್ಚ್ 2025

ಪುಟ್ಟಿ,

ನಿನ್ನ ಬರಹ ಎಲ್ಲರಿಗೂ ಹಿಡಿಸಿತು ಎಂದು ತಿಳಿದು ಸಂತೋಷ.

ಇಲ್ಲಿ ರಸ್ತೆ ಮುಚ್ಚಿದೆ. ಸಾಹುಕಾರ ಅತ್ತದ್ದು, ಬಂದೂಕು ಮರಕ್ಕೆ ಒರಗಿಸಿದ್ದು, ಹೆಣ್ಣುಮಕ್ಕಳ ಹಾಗೆ ನೆಲ ಒರೆಸಿದ್ದು, ಎಲ್ಲ ಇಲ್ಲಿಯ ಭಾಷೆಯಲ್ಲಿ ಫೋನಿನಿಂದ ಫೋನಿಗೆ ಹರಿದಾಡುತ್ತಿದೆ. ಹೊರದೇಶದಲ್ಲಿರುವ ಇವರ ಕಡೆಯವರು ಯಾರೋ ರೇಡಿಯೊದಲ್ಲಿ ಕೇಳಿ ಅನುವಾದಿಸಿ ಕಳಿಸಿದ್ದಂತೆ. ಅವನ ವೈರಿಗಳು ಮೈಕಿನಲ್ಲಿ ಅವನನ್ನು “ಕಸಬರಿಕೆ” ಎಂದು ಕೂಗುತ್ತಾರಂತೆ. ತನ್ನ ಜನರೇ ನಕ್ಕರೆ ಇಂಥವನು ಬಹಳ ದಿನ ಬದುಕುವುದಿಲ್ಲ, ಅದು ಅವನಿಗೂ ಗೊತ್ತು. ಬಂದು ಗೇಟಿನಲ್ಲಿ ನಿಂತು ಒಂದೇ ಮಾತು ಕೇಳಿದ: ಹೊರಗಿನವರಿಗೆ ಹೇಳಿದ್ದು ಯಾರು?

ಅವನು ನೆಲ ಒರೆಸುವಾಗ ಕೋಣೆಯಲ್ಲಿದ್ದದ್ದು ನಾವಿಬ್ಬರೇ. ಡಾಕ್ಟರನ್ನು ಯಾರೂ ಅನುಮಾನಿಸುವುದಿಲ್ಲ. ಎಲ್ಲರೂ ಮೇಷ್ಟ್ರ ಕಡೆ ನೋಡುತ್ತಿದ್ದಾರೆ. ಅವರು ನನ್ನ ಪಕ್ಕದಲ್ಲಿ ನಿಂತು ಅವನ ಬೈಗುಳವನ್ನೆಲ್ಲ ಒಂದೂ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ತಮ್ಮನ್ನೇ ಬೈದದ್ದನ್ನು ಕೂಡ.

ಡೀಸೆಲ್ ಮುಗಿಯುತ್ತಿದೆ. ಜನರೇಟರ್ ನಿಂತರೆ ಆಕ್ಸಿಜನ್ ಇಲ್ಲ. ಮಕ್ಕಳ ವಾರ್ಡಿಗಷ್ಟೇ ಓಡಿಸುತ್ತಿದ್ದೇವೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಚಿಕ್ಕಮ್ಮ

*

9 ಮಾರ್ಚ್ 2025

ಪ್ರೀತಿಯ ಚಿಕ್ಕಮ್ಮ,

ನಿಮ್ಮ ಪತ್ರ ಬಂದು ನಾಲ್ಕು ದಿನವಾಯಿತು. ಆಫೀಸಿನಲ್ಲಿ ಕೆಲಸ ಜಾಸ್ತಿ ಇತ್ತು.

ಇಲ್ಲಿ ಬಿಸಿಲು ಬಂದಿದೆ. ಕಾಲುವೆಯ ದಾರಿಯಲ್ಲಿ ಜನ ಕೋಟು ಬಿಚ್ಚಿ ನಡೆಯುತ್ತಾರೆ. ನಮ್ಮ ಮನೆಯಲ್ಲಿ ಹೀಟಿಂಗ್ ಯಾರು ಹಾಕಿದ್ದು ಎಂದು ದಿನವೂ ಜಗಳ. ಚಿಕ್ಕಪ್ಪ ಚೆನ್ನಾಗಿದ್ದಾರೆ. ನಿಮ್ಮ ಪತ್ರ ತೋರಿಸು ಅಂದರು, ಫೋನಿನಲ್ಲಿ ಚಾರ್ಜ್ ಇಲ್ಲ ಅಂದೆ.

ಮೇಷ್ಟ್ರು ಅಂಥವರಲ್ಲ ಎಂದು ನನಗೆ ಅನ್ನಿಸುತ್ತದೆ. ನಾನು ಅವರನ್ನು ನೋಡಿಲ್ಲ, ಆದರೂ. ಈಗಿನ ಕಾಲದಲ್ಲಿ ಸುದ್ದಿ ಹೇಗೆ ಹೇಗೋ ಹೋಗುತ್ತದೆ. ಯಾರೋ ಕಿಟಕಿಯಿಂದ ನೋಡಿರಬಹುದು. ಹಾಗೆಂದು ನೀವು ಅವರಿಗೆಲ್ಲ ಹೇಳಬಾರದೇ?

ಸಾಹುಕಾರನ ಸಿಟ್ಟು ಇಳಿಯುತ್ತದೆ ಅಲ್ಲವೇ? ಮಗುವಿನ ಮುಖ ನೋಡಿಯಾದರೂ.

ನಿಮ್ಮ,
ಪ್ರತೀಕ್ಷಾ

*

22 ಮಾರ್ಚ್ 2025

ಪುಟ್ಟಿ,

ರಸ್ತೆ ತೆರೆಯಿತು. ನಿನ್ನೆ ಡೀಸೆಲ್ ಬಂತು. ಆಕ್ಸಿಜನ್ ಯಂತ್ರಗಳ ಸದ್ದು ಕೇಳಿ ನರ್ಸುಗಳು ಚಪ್ಪಾಳೆ ತಟ್ಟಿದರು.

ರಸ್ತೆ ಸುಮ್ಮನೆ ತೆರೆಯಲಿಲ್ಲ. ರಾಜಧಾನಿಯಿಂದ ನಮ್ಮ ಸಂಸ್ಥೆಯ ಮ್ಯಾನೇಜರ್ ಬಂದು ಸಾಹುಕಾರನ ಜೊತೆ ಅರ್ಧ ದಿನ ಚಹಾ ಕುಡಿದರು. ಆಮೇಲೆ ನನ್ನನ್ನು ಕರೆದು, “ಕೋಣೆಯಲ್ಲಿ ಮತ್ತೆ ಯಾರಿದ್ದರು?” ಎಂದರು. ದುಭಾಷಿ ಎಂದೆ. “ನೀವು ಯಾರಿಗಾದರೂ ಹೇಳಿದ್ದಿರಾ?” ಇಲ್ಲ ಎಂದೆ. ಅವರು ಬರೆದುಕೊಳ್ಳಲೂ ಇಲ್ಲ.

ಮೇಷ್ಟ್ರನ್ನು ಕೆಲಸದಿಂದ ತೆಗೆದರು. “ಅವರ ಸುರಕ್ಷತೆಗಾಗಿ” ಎಂದು ಪತ್ರದಲ್ಲಿದೆ. ಸಂಸ್ಥೆಯ ಗುರುತಿನ ಚೀಟಿ ವಾಪಸ್ ತೆಗೆದುಕೊಂಡರು. ಅವರ ಹೆಂಡತಿ ಮಕ್ಕಳು ಅಡ್ಡಗಟ್ಟೆಯ ಆಚೆ ಊರಿನಲ್ಲಿದ್ದಾರೆ. ಕೊರಳಲ್ಲಿ ಆ ಚೀಟಿ ನೇತಾಡುತ್ತಿದ್ದರೆ ಯಾರೂ ಮುಟ್ಟುವುದಿಲ್ಲ. ಅದಿಲ್ಲದೆ ಅಲ್ಲಿಂದ ಹಾಯಬೇಕೆಂದರೆ ಸಾಹುಕಾರನ ಕಣ್ಣೆದುರಿಗೇ ಹಾಯಬೇಕು.

ಹೊರಡುವ ಮುಂಚೆ ನನ್ನ ಹತ್ತಿರ ಬಂದಿದ್ದರು. ಒಗೆದು ಮಡಿಸಿದ ಏಪ್ರನ್ ಕೊಟ್ಟರು. “ಡಾಕ್ಟರ್, ನಾನು ಹೇಳಿಲ್ಲ. ನೀವು ಒಂದು ಮಾತು ಹೇಳಿದರೆ ಅವರು ನಂಬುತ್ತಾರೆ” ಎಂದರು. ಹೇಳುತ್ತೇನೆ ಎಂದೆ. ಅಷ್ಟರಲ್ಲಿ ಹೊಟ್ಟೆಗೆ ಗುಂಡೇಟು ಬಿದ್ದವನೊಬ್ಬನನ್ನು ತಂದರು. ಒಳಗೆ ಹೋದೆ. ಹೊರಗೆ ಬಂದಾಗ ಅವರಿರಲಿಲ್ಲ.

ಚಿಕ್ಕಮ್ಮ

*

23 ಮಾರ್ಚ್ 2025

ಚಿಕ್ಕಮ್ಮ,

ಹೇಳಿದ್ದು ನಾನು.

ಮಗು ಹುಟ್ಟಿದ್ದನ್ನು ಬರೆದ ನಿಮ್ಮ ಪತ್ರವನ್ನು ಇಂಗ್ಲಿಷಿಗೆ ಮಾಡಿ ಮನವಿಯಾಗಿ ಕೊಟ್ಟೆ. ಹೆಸರು ಹೇಗೂ ಇರಲಿಲ್ಲ, ಊರು ಇರಲಿಲ್ಲ. ಆಸ್ಪತ್ರೆ ನಮ್ಮ ಸಂಸ್ಥೆ ಕೆಲಸ ಮಾಡುವ ನಾಲ್ಕು ದೇಶಗಳಲ್ಲಿ ಎಲ್ಲಿ ಬೇಕಾದರೂ ಇರಬಹುದು ಎನ್ನುವಂತೆ ಬರೆದೆ. ಔಷಧಿಯ ಪಾಲು ಇಳಿಸಿಕೊಂಡ ಸಾಲುಗಳನ್ನು ಬಿಟ್ಟೆ. ಅವು ಇದ್ದರೆ ಕಥೆ ಕೆಡುತ್ತದೆ ಎಂದು ನನಗೇ ಅನ್ನಿಸಿತ್ತು, ಫಿಯೋನಾ ಹೇಳಿದ್ದಲ್ಲ. ಅವನ ಅಳುವನ್ನು ಕೊನೆಗೆ ತಂದೆ. ಬರೆಯುವಾಗ ನಾನೂ ಅತ್ತೆ, ಮತ್ತೆ ಅಳುತ್ತಲೇ ವಾಕ್ಯಗಳನ್ನು ತಿದ್ದಿದೆ.

ನಿಮ್ಮ ಐದನೇ ತಾರೀಖಿನ ಪತ್ರ ಬಂದ ದಿನವೇ ವೆಬ್‌ಸೈಟಿನಿಂದ ತೆಗೆಯಿರಿ ಎಂದು ಫಿಯೋನಾರನ್ನು ಕೇಳಿದ್ದೆ. “ಯಾಕಮ್ಮ? ಅದರಲ್ಲಿ ಯಾರ ಹೆಸರೂ ಇಲ್ಲವಲ್ಲ” ಅಂದರು. ಯಾಕೆ ಎಂದು ಹೇಳದೆ ನನ್ನ ಮೇಜಿಗೆ ವಾಪಸ್ ಬಂದೆ. ನಿಮಗೆ ಕಿಟಕಿಯ ಕಥೆ ಬರೆದೆ.

ನಾಳೆ ಸೋಮವಾರ. ಆಫೀಸಿನಲ್ಲಿ ಹೇಳುತ್ತೇನೆ. ಮೇಷ್ಟ್ರಿಗೆ ಚೀಟಿ ವಾಪಸ್ ಕೊಡಲಿ.

ಪ್ರತೀಕ್ಷಾ

*

24 ಮಾರ್ಚ್ 2025, ಬೆಳಿಗ್ಗೆ

ಪ್ರತೀಕ್ಷಾ,

ಆಫೀಸಿಗೆ ಹೋಗುವ ಮುಂಚೆ ಇದನ್ನು ಓದು. ಯಾರಿಗೂ ಹೇಳಬೇಡ.

ನನಗೆ ಗೊತ್ತಿತ್ತು. ಸಾಹುಕಾರ ಗೇಟಿಗೆ ಬಂದ ದಿನ ತನ್ನ ಫೋನನ್ನು ಮೇಷ್ಟ್ರ ಕೈಗೆ ಕೊಟ್ಟು ಓದಿಸಿದ. ಮೇಷ್ಟ್ರು ನನಗೆ ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಹೇಳಿದರು. ಅದರಲ್ಲಿ, ಡಾಕ್ಟರಿಗೆ ತನ್ನ ಭಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ಮಂಡಿಗೆ ಮುಖ ಹಚ್ಚಿ ಕೂತದ್ದು ನೆನಪಾಯಿತು ಎಂದಿತ್ತು. ಅದನ್ನು ಓದುವಾಗ ಮೇಷ್ಟ್ರು ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದರು. ಅದನ್ನು ನಾನು ಅವರಿಗೆ ಹೇಳಿರಬೇಕೆಂದು ಉಳಿದವರು ಎಣಿಸಿದರು, ಆದರೆ ಆ ನೆನಪನ್ನು ನಾನು ಅವರಿಗೆ ಹೇಳಿರಲಿಲ್ಲ. ಅಂದರೆ ಅವರಿಗೂ ಆ ಕ್ಷಣವೇ ತಿಳಿದಿರಬೇಕು. ಆದರೂ ಸಾಹುಕಾರನಿಗೆ ಅವರು ನನ್ನ ಕಡೆ ಬೆರಳು ತೋರಿಸಲಿಲ್ಲ.

ಈಗ ನೀನು ಹೇಳಿದರೆ ಏನಾಗುತ್ತದೆ ಯೋಚಿಸು. ತಪ್ಪು ಡಾಕ್ಟರದು ಎಂದಾಗುತ್ತದೆ. ನನ್ನನ್ನು ವಾಪಸ್ ಕಳಿಸುತ್ತಾರೆ. ಇಲ್ಲಿ ಅನಸ್ತೇಶಿಯಾ ಕೊಡುವವಳು ನಾನೊಬ್ಬಳೇ. ಇನ್ನೊಬ್ಬರು ಬರುವವರೆಗೆ ಹೊಟ್ಟೆ ಕೊಯ್ಯುವ ಹಾಗಿಲ್ಲ, ಮಗು ತೆಗೆಯುವ ಹಾಗಿಲ್ಲ. ಸಾಹುಕಾರ ಮತ್ತೆ ರಸ್ತೆ ಮುಚ್ಚುತ್ತಾನೆ. ಮೇಷ್ಟ್ರು ಒಬ್ಬರು. ವಾರ್ಡಿನಲ್ಲಿರುವವರು ಎಷ್ಟು ಜನ ಎಂದು ನೀನೇ ಬರೆದಿದ್ದೀಯಲ್ಲ, ಆ ಮನವಿಯಲ್ಲಿ.

ಇದನ್ನು ಬರೆಯುತ್ತಿರುವುದು ನಿನ್ನನ್ನು ಉಳಿಸಲಿಕ್ಕೆ ಎಂದುಕೊಳ್ಳಬೇಡ. ನನ್ನನ್ನು ಉಳಿಸಿಕೊಳ್ಳಲಿಕ್ಕೂ ಅಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಚಿಕ್ಕಮ್ಮ

*

31 ಮಾರ್ಚ್ 2025

ಮೇಷ್ಟ್ರು ಮನೆ ತಲುಪಿಲ್ಲವಂತೆ.

*

3 ಏಪ್ರಿಲ್ 2025

ಚಿಕ್ಕಮ್ಮ,

ಆ ಸೋಮವಾರ ನಿಮ್ಮ ಪತ್ರವನ್ನು ರೈಲಿನಲ್ಲಿ ಓದಿದೆ. ಓದಿ ಸಮಾಧಾನವಾಯಿತು. ಸುಮ್ಮನಿರಲು ದೊಡ್ಡವರೇ ಹೇಳಿದರಲ್ಲ ಎಂದು. ಆ ಸಮಾಧಾನದಲ್ಲಿ ಒಂದು ವಾರ ಕಳೆದೆ. ಮೇಷ್ಟ್ರು ತಲುಪಿಲ್ಲ ಎಂದು ನೀವು ಬರೆದ ಮೇಲೆ ಸುಮ್ಮನಿರಲು ಆಗಲಿಲ್ಲ.

ಮೊನ್ನೆ ಹೇಳಿದೆ. ಫಿಯೋನಾ ಬಾಗಿಲು ಹಾಕಿ, ಮೇಲಿನವರೊಬ್ಬರನ್ನು ಕರೆಸಿದರು. ಬಂದವರಿಗೆ ಆಶ್ಚರ್ಯವೇ ಆಗಲಿಲ್ಲ. “ನಮಗೂ ಆ ಅನುಮಾನ ಇತ್ತು ಪ್ರತೀಕ್ಷಾ. ಆದರೆ ಈಗ ರಸ್ತೆ ತೆರೆದಿದೆ, ನೋಡು” ಅಂದರು. ಮೇಷ್ಟ್ರ ಕಥೆ ಏನು ಎಂದೆ. “ಅವರ ಕೆಲಸದ ಕರಾರು ಮುಗಿದಿದೆ.” ನನ್ನ ಧ್ವನಿ ನನಗೇ ಕೇಳಿಸುವಷ್ಟು ಜೋರಾಗಿತ್ತು. “ಕರಾರಲ್ಲ, ಮನುಷ್ಯ ಏನಾದರು?” ಅಂದೆ. ಫಿಯೋನಾ ಟಿಶ್ಯೂ ಡಬ್ಬಿ ನನ್ನ ಕಡೆ ಸರಿಸಿದರು. ನಾನು ಅಳುತ್ತಿರಲಿಲ್ಲ.

ಮೇಷ್ಟ್ರು ನಿರಪರಾಧಿ ಎಂದು ಸಂಸ್ಥೆ ಬರೆದುಕೊಡಬೇಕಾದರೆ ನನ್ನ ಮಾತು ಸಾಲದಂತೆ. ನಾನು ಇಲ್ಲಿದ್ದವಳು, ಅವರು ಬೇರೆ ಯಾರಿಗೂ ಹೇಳಿಲ್ಲ ಎಂದು ನನಗೆ ಹೇಗೆ ಗೊತ್ತು ಎಂದರು. ನಿಮ್ಮ ಹೇಳಿಕೆ ಬೇಕು. ಇವತ್ತು ಸಂಜೆ ನಿಮಗೆ ಫೋನ್ ಮಾಡುತ್ತಾರೆ. ಬರೆದವರು ನೀವು, ಇಂಗ್ಲಿಷಿಗೆ ತಂದವಳು ನಾನು ಎಂದಷ್ಟೇ ಹೇಳಿದ್ದೇನೆ. ಮೇಷ್ಟ್ರನ್ನು ಕಳಿಸುವಾಗ ನಿಮಗೆ ಎಲ್ಲ ಗೊತ್ತಿತ್ತು ಎನ್ನುವುದನ್ನು ಹೇಳಿಲ್ಲ. ಹೇಳುವುದೂ ಇಲ್ಲ. ಅದು ನನ್ನದಲ್ಲ.

ಎದ್ದು ಬರುವಾಗ ಫಿಯೋನಾ ಇನ್ನೊಂದು ಹಾಳೆ ಕೊಟ್ಟರು. ಕೆಲಸ ಖಾಯಂ ಆಗಿದೆ. ಅದು ಹೋದ ವಾರವೇ ತೀರ್ಮಾನವಾಗಿತ್ತಂತೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲವಂತೆ. ಮನವಿ ಇನ್ನೂ ವೆಬ್‌ಸೈಟಿನಲ್ಲಿದೆ. ತಿಂಗಳ ಕೊನೆಯವರೆಗೆ ಇರಲಿ ಎಂದಿದ್ದಾರೆ. ನಾನು ಸಹಿ ಮಾಡಿಲ್ಲ. ಮಾಡುವುದಿಲ್ಲ ಎಂದೂ ಅವರಿಗೆ ಹೇಳಲಾಗಲಿಲ್ಲ.

ಚಿಕ್ಕಪ್ಪನಿಗೆ ನಾನು ಮಾಡಿದ್ದೆಲ್ಲ ಹೇಳಿದೆ. “ಅವಳು ಕನ್ನಡದಲ್ಲಿ ಬರೆದದ್ದು ನಿಂಗೆ ಅಂತ ಅಲ್ವೇನೇ?” ಅಂದರು, ಅಷ್ಟೇ.

ಪ್ರತೀಕ್ಷಾ

*

8 ಏಪ್ರಿಲ್ 2025

ಪ್ರತೀಕ್ಷಾ,

ಫೋನ್ ಬಂದಿತ್ತು. ಎಲ್ಲ ಹೇಳಿದೆ, ನೀನು ಹೇಳದೆ ಬಿಟ್ಟದ್ದನ್ನೂ. ಆಮೇಲೆ, ಧನ್ಯವಾದ ಡಾಕ್ಟರ್, ಭಾನುವಾರದ ವಿಮಾನಕ್ಕೆ ಸಿದ್ಧವಾಗಿರಿ ಎಂದರು. ನನ್ನ ಜಾಗಕ್ಕೆ ಯಾರೂ ಇನ್ನೂ ಸಿಕ್ಕಿಲ್ಲ. ನಿನ್ನೆಯಿಂದ ಮುಂದೂಡಬಹುದಾದ ಆಪರೇಷನ್‌ಗಳಿಗೆ ಯಾರನ್ನೂ ಸೇರಿಸಿಕೊಳ್ಳುತ್ತಿಲ್ಲ. ರಸ್ತೆ ಇವತ್ತಿನವರೆಗೂ ತೆರೆದಿದೆ.

ಮೇಷ್ಟ್ರ ಮೇಲೆ ಯಾವ ಆರೋಪವೂ ಇಲ್ಲ ಎಂದು ಸಂಸ್ಥೆಯ ಪತ್ರವೂ ಬಂತು. ಕಾರಿಡಾರಿನ ಗೋಡೆಗೆ ಒಂದು ಪ್ರತಿ ಅಂಟಿಸಿದೆವು, ಅದನ್ನು ಓದಿದ ಮೇಲೆ ನರ್ಸುಗಳು ನನ್ನ ಜೊತೆ ಕೆಲಸದ ಮಾತಷ್ಟೇ ಆಡುತ್ತಾರೆ. ಇನ್ನೊಂದನ್ನು ನನ್ನ ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಇವತ್ತು ಬೆಳಿಗ್ಗೆ ಅವರ ಹೆಂಡತಿ ಗೇಟಿಗೆ ಬಂದಿದ್ದಳು. ಅಡ್ಡಗಟ್ಟೆ ದಾಟಿ ನಡೆದೇ ಬಂದಿದ್ದಾಳೆ. ಹೆಂಗಸರನ್ನು ಅವರು ತಡೆಯುವುದಿಲ್ಲ. ನಾನು ಆ ಪತ್ರವನ್ನು ಕೊಡಹೋದೆ. ಆಕೆ ತೆಗೆದುಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ಏನೋ ಕೇಳಿದಳು. ಸಣ್ಣ ಪ್ರಶ್ನೆ, ಮೂರು ನಾಲ್ಕು ಶಬ್ದ ಇರಬಹುದು. ಮತ್ತೆ ಅದನ್ನೇ ಕೇಳಿದಳು.

ಹಿಂದೆ ನರ್ಸುಗಳು ನಿಂತಿದ್ದರು. ಎಲ್ಲರಿಗೂ ಆಕೆಯ ಭಾಷೆ ಬರುತ್ತದೆ, ತಕ್ಕಮಟ್ಟಿಗೆ ಇಂಗ್ಲಿಷೂ ಬರುತ್ತದೆ. ಏನು ಕೇಳುತ್ತಿದ್ದಾಳೆ ಎಂದು ತಿರುಗಿ ಕೇಳಿದೆ. ಒಬ್ಬಳೂ ಬಾಯಿ ಬಿಡಲಿಲ್ಲ.

ಶೋಭಾ ಚಿಕ್ಕಮ್ಮ